ಹೂಂಗುಟ್ಟುವ ಮನೆ

ನಮ್ಮೂರಿನಲ್ಲಿ ದೂರು ಉಳಿಸಿಕೊಂಡವರು ಸಾಯುವುದಿಲ್ಲ. ಸಾಯಬೇಕೆಂದರೂ ಆಗುವುದಿಲ್ಲ. ಮನಸ್ಸಿನಲ್ಲಿರುವ ದೂರನ್ನೆಲ್ಲ ಬಾಯಿಬಿಟ್ಟು ಹೇಳಬೇಕು, ಹೇಳಿದ್ದನ್ನು ಇನ್ನೊಬ್ಬರು ಕೇಳಿ "ಹೂಂ" ಅನ್ನಬೇಕು. ಕಡೆಯ ದೂರಿಗೆ ಮಾತ್ರ ಅದು ಯಾರ ಮೇಲಿದೆಯೋ ಅವರೇ ಹೂಂ ಅನ್ನಬೇಕು. ಆಮೇಲೆ ಮನುಷ್ಯ ಹೊರಡಬಹುದು. ಈ ಕಟ್ಟಳೆ ಮಾಡಿದವರು ಯಾರೋ ಗೊತ್ತಿಲ್ಲ. ಅವರ ಮೇಲೆ ನನಗೂ ಒಂದೆರಡು ದೂರುಗಳಿವೆ, ಸದ್ಯಕ್ಕೆ ಇಟ್ಟುಕೊಂಡಿದ್ದೇನೆ.

ಹೀಗೆ ಇಟ್ಟುಕೊಳ್ಳುವುದು ಊರಿನ ಪದ್ಧತಿ. ನಮ್ಮಲ್ಲಿ "ಹೇಗಿದ್ದೀರಿ" ಎಂದು ಕೇಳಿದರೆ "ಚೆನ್ನಾಗಿದ್ದೀನಿ" ಎಂದು ಯಾರೂ ಹೇಳುವುದಿಲ್ಲ. ಬಾಯಿತಪ್ಪಿ ಹೇಳಿದವನನ್ನು ಕಟ್ಟೆಯ ಮೇಲೆ ಕೂರಿಸಿ, ನೀರು ಕುಡಿಸಿ, ಅವನ ಅಣ್ಣತಮ್ಮಂದಿರಿಗೆ ಹೇಳಿಕಳಿಸುತ್ತೇವೆ. ಹೊಸದಾಗಿ ಮದುವೆಯಾದವರಿಗೆ "ನಿಮ್ಮ ದೂರು ತೀರದಿರಲಿ" ಎಂದು ಹಿರಿಯರು ಅಕ್ಷತೆ ಹಾಕುತ್ತಾರೆ. ಹೋಟೆಲಿನವನು ಒಳ್ಳೆಯ ಮನುಷ್ಯ, ಪ್ರತಿ ತಟ್ಟೆಯ ಅನ್ನದಲ್ಲೂ ಒಂದು ಕಲ್ಲು ಉಳಿಸಿರುತ್ತಾನೆ. ದರ್ಜಿ ಒಂದು ಗುಂಡಿಯನ್ನು ಸಡಿಲ ಬಿಟ್ಟೇ ಅಂಗಿ ಕೊಡುತ್ತಾನೆ. ಗಿರಾಕಿಯ ಆಯುಸ್ಸಿನ ಮೇಲೆ ಅವರಿಗೆ ಅಷ್ಟು ಕಾಳಜಿ.

ದೂರಿಗೆ ತೂಕವೂ ಉಂಟು. ಹೇಳದೆ ಉಳಿದ ದೂರು ಮನುಷ್ಯನನ್ನು ನೆಲಕ್ಕೆ ಒತ್ತುತ್ತದೆ. ಓಡಾಡುವವರಿಗೆ ಇದು ಗೊತ್ತಾಗುವುದಿಲ್ಲ, ಅವರು ಒಂದು ಕಡೆ ನಿಲ್ಲುವುದಿಲ್ಲವಲ್ಲ. ಒಂದೇ ಕಡೆ ಬಹಳ ದಿನ ಇದ್ದವರದು ಕಣ್ಣಿಗೆ ಕಾಣುತ್ತದೆ. ಮಲಗಿದವರಾದರೆ ಮಂಚದ ಕಾಲು ದಿನಕ್ಕೆ ಒಂದು ಬೆರಳು, ಎರಡು ಬೆರಳು ನೆಲದೊಳಕ್ಕೆ ಇಳಿಯುತ್ತದೆ. ದೂರು ಹೇಳಿ ಹೂಂ ಅನ್ನಿಸಿಕೊಂಡರೆ ಅಷ್ಟೇ ಮೇಲೆ ಬರುತ್ತದೆ.

ಇದರ ಕಷ್ಟ ಊರಿಗೆ ಅರ್ಥವಾದದ್ದು ಮುದಿ ಮೇಷ್ಟ್ರ ಕಾಲದಲ್ಲಿ. ಮೇಷ್ಟ್ರಿಗೆ ಒಬ್ಬಳು ಸೊಸೆಯಿದ್ದಳು. ಬಹಳ ಒಳ್ಳೆಯವಳು, ಬಂದ ತೊಂದರೆಯೇ ಅದು. ಮೇಷ್ಟ್ರು "ನೋಯ್ತಿದೆ ಕಣಮ್ಮ" ಎಂದರೆ "ಹಾಗೇನಿಲ್ಲ ಮಾವ, ಕಲ್ಲುಗುಂಡಿನ ಹಾಗಿದ್ದೀರಿ" ಎನ್ನುತ್ತಿದ್ದಳು. "ಭಯವಾಗ್ತಿದೆ" ಎಂದರೆ "ಭಯ ಯಾಕೆ, ಎಲ್ಲ ಸರಿಹೋಗುತ್ತೆ" ಎನ್ನುತ್ತಿದ್ದಳು. ಹನ್ನೊಂದು ವರ್ಷ ಎಲ್ಲ ಸರಿಹೋಗುತ್ತಲೇ ಇತ್ತು. ಮಂಚ ಇಳಿದು ಇಳಿದು ಕಡೆಗೆ ನೆಲದ ಮಟ್ಟದಲ್ಲಿ ಉಳಿದದ್ದು ಒಂದು ದಿಂಬು, ಒಂದು ತಲೆ, ಒಂದು ಜೊತೆ ಮೀಸೆ. ಬಂದವರು ಎಡವದಿರಲಿ ಎಂದು ಸುತ್ತಲೂ ರಂಗೋಲಿ ಹಾಕಿದ್ದರು.

ಒಂದು ದಿನ ಪೊರಕೆ ಮಾರುವವಳೊಬ್ಬಳು ನೀರು ಕೇಳಿಕೊಂಡು ಬಂದು ಆ ಮನೆಯ ಹೊಸ್ತಿಲ ಮೇಲೆ ಕುಳಿತಳು. ಅವಳಿಗೆ ಕಾಲು ನೋವು, ಎದ್ದು ಹೋಗುವ ಅವಸರವಿರಲಿಲ್ಲ. ನೆಲದಲ್ಲಿದ್ದ ತಲೆ ಮಾತಾಡಿತು. ಅವಳು ಹೂಂ ಅಂದಳು. ತಲೆ ಇನ್ನೊಂದು ಹೇಳಿತು. ಅವಳು ಇನ್ನೊಂದು ಹೂಂ ಅಂದಳು. ಸಂಜೆಯ ಹೊತ್ತಿಗೆ ಮಂಚ ಪೂರ್ತಿ ಮೇಲೆ ಬಂದಿತ್ತು, ಹಾಸಿಗೆಗೆ ಮೆತ್ತಿದ್ದ ಮಣ್ಣನ್ನು ಅವಳೇ ತನ್ನ ಪೊರಕೆಯಿಂದ ಗುಡಿಸಿದಳು. ಕಡೆಯ ದೂರು ಸೊಸೆಯ ಮೇಲಿತ್ತು. ಪೊರಕೆಯವಳು ಸೊಸೆಯ ರಟ್ಟೆ ಹಿಡಿದು ಎಳೆದುಕೊಂಡು ಬಂದು ಮುಂದೆ ಕೂರಿಸಿದಳು. ಸೊಸೆ ಅತ್ತು, ಮೂಗು ಒರೆಸಿಕೊಂಡು, ಹೂಂ ಅಂದಳು. ಮೇಷ್ಟ್ರು ಮೀಸೆ ಸರಿಮಾಡಿಕೊಂಡು ಹೊರಟುಹೋದರು.

ಆಮೇಲೆ ಊರವರು ಸೇರಿ ಪೊರಕೆಯವಳಿಗೆ ಊರಾಚೆಯ ಬಾವಿಯ ಪಕ್ಕ ಒಂದು ಉದ್ದನೆಯ ಮನೆ ಕಟ್ಟಿಸಿಕೊಟ್ಟರು. ಅವಳಿಗೆ ಹೂಂಗುಟ್ಟುವವಳು ಎಂದು ಹೆಸರಾಯಿತು, ಆ ಮನೆಗೆ ಹೂಂಗುಟ್ಟುವ ಮನೆ ಎಂದು.

ಆ ಮನೆಯಲ್ಲಿ ಯಾರನ್ನೂ ವಾಸಿ ಮಾಡುವುದಿಲ್ಲ. ಪಂಡಿತರು ಕೈಚೆಲ್ಲಿ "ಇನ್ನು ಮಾಡೋದೇನೂ ಇಲ್ಲ" ಎಂದವರೇ ಅಲ್ಲಿಗೆ ಬರುವುದು. ಹೂಂಗುಟ್ಟುವವಳಿಗೆ ಆ ಮಾತು ಕೇಳಿದರೆ ಮೈ ಉರಿಯುತ್ತದೆ. "ಮಾಡೋದೇನೂ ಇಲ್ವಂತಾ? ಇವ್ರ ತಲೆ. ಮಾಡೋದು ಬೇಕಾದಷ್ಟೈತೆ" ಎಂದು ಸೆರಗು ಸಿಕ್ಕಿಸಿಕೊಂಡು ಏಳುತ್ತಾಳೆ. ನೋವಿಗೆ ಹೊತ್ತುಹೊತ್ತಿಗೆ ಕಷಾಯ ಕೊಡಬೇಕು, ನೋವು ಕೂಗಿ ಕರೆಯುವ ತನಕ ಕಾಯಬಾರದು. ಮಗ್ಗುಲು ಬದಲಾಯಿಸಬೇಕು. ಹಿಮ್ಮಡಿಗೆ ಎಣ್ಣೆ ಹಚ್ಚಬೇಕು. ಒಣಗಿದ ತುಟಿಗೆ ಹತ್ತಿ ಅದ್ದಿ ನೀರು ಮುಟ್ಟಿಸಬೇಕು. ಇದೆಲ್ಲ ಆದಮೇಲೆ ಪಕ್ಕದಲ್ಲಿ ಕೂತು ಹೂಂ ಅನ್ನಬೇಕು. ಅವಳ ಹೂಂ ಕೇಳುವುದಕ್ಕೇ ಒಂದು ಚೆಂದ. ಬೆನ್ನು ಸವರುವಂಥ ಉದ್ದನೆಯ ಹೂಂ ಒಂದಿದೆ. ನಾದಿನಿಯರ ಮೇಲಿನ ದೂರಿಗೆಂದೇ ಮೂಗಿನಿಂದ ಬರುವ ಚೂಪಾದ ಹೂಂ ಬೇರೆ ಇದೆ.

ಮಲಗಿದವರ ಹತ್ತಿರ ಅವಳದು ಹೂಂ ಬಿಟ್ಟರೆ ಹೆಚ್ಚು ಮಾತಿಲ್ಲ. ಉಳಿಸಿಟ್ಟ ಮಾತನ್ನೆಲ್ಲ ಅವರ ಮನೆಯವರ ಮೇಲೆ ಸುರಿಯುತ್ತಾಳೆ. ಮನೆಯವರಿಗೆ ಅಲ್ಲಿ ಮೂರು ಮಾತು ನಿಷೇಧ: "ಹಾಗೇನಿಲ್ಲ", "ಆದರೆ", "ಎಲ್ಲ ಸರಿಹೋಗುತ್ತೆ". ಮಂಚದ ಪಕ್ಕ ಇವುಗಳಲ್ಲಿ ಯಾವುದನ್ನಾದರೂ ಆಡಿದವರು ಕೂಡಲೇ ಎದ್ದು ಹೋಗಿ ಬಾವಿಯಿಂದ ಒಂದು ಕೊಡ ನೀರು ಸೇದಿ ತೊಟ್ಟಿಗೆ ಹಾಕಬೇಕು. ಎಂಥ ಬೇಸಿಗೆಯಲ್ಲೂ ಆ ಮನೆಯ ತೊಟ್ಟಿ ಬತ್ತಿದ್ದಿಲ್ಲ. ಪಕ್ಕದ ಬಾಳೆತೋಟವೂ ಅದೇ ನೀರಿನಲ್ಲಿ ಬೆಳೆದಿದೆ.

ಇಂಥ ಮನೆಗೆ ಒಂದು ದಿನ ಊರಿನ ಅಡುಗೆಯವಳನ್ನು ಹೊತ್ತು ತಂದರು.

ಊರಿನ ಮದುವೆ, ಮುಂಜಿ, ನಾಮಕರಣಗಳಿಗೆಲ್ಲ ನಲವತ್ತು ವರ್ಷದಿಂದ ಅವಳದೇ ಅಡುಗೆ. ಬಡಿಸುವುದು ಅವಳ ಗಂಡ. ಅದಕ್ಕೇ ಅವನಿಗೆ ಬಡಿಸುವವನು ಎಂದೇ ಹೆಸರು. ಅಡುಗೆಯವಳಿಗೆ ಎಲ್ಲದರ ಮೇಲೂ ದೂರು. ಬೆಂಕಿ ಸೋಮಾರಿ, ಬೇಳೆ ಅಹಂಕಾರಿ, ಹೆಣ್ಣಿನ ಕಡೆಯವರಿಗೆ ನಾಲಿಗೆಯಿಲ್ಲ, ಗಂಡಿನ ಕಡೆಯವರಿಗೆ ನಾಲಿಗೆ ಬಿಟ್ಟರೆ ಬೇರೇನಿಲ್ಲ. ಬಡಿಸುವವನಿಗೆ ಯಾವುದರ ಮೇಲೂ ದೂರಿಲ್ಲ. ಒಮ್ಮೆ ಕುದಿಯುವ ಹುಳಿ ಅವನ ಪಾದದ ಮೇಲೆ ಚೆಲ್ಲಿತ್ತು. ಆಗಲೂ ಅವನು "ಪರವಾಗಿಲ್ಲ, ಒಗ್ಗರಣೆ ಘಮ್ಮಂತಿದೆ" ಎಂದಿದ್ದ. ಇಂಥ ಮನುಷ್ಯ ನಮ್ಮೂರಿನಲ್ಲಿ ಇಷ್ಟು ವರ್ಷ ಹೇಗೆ ಬದುಕಿದ್ದಾನೋ ಎಂದು ನಾವು ಮಾತಾಡಿಕೊಳ್ಳುತ್ತಿದ್ದೆವು.

ಅಡುಗೆಯವಳ ಹೊಟ್ಟೆಯೊಳಗೆ ಗಡ್ಡೆ ಬೆಳೆದಿತ್ತು. ಎರಡು ಚಮಚ ತಿಂದರೆ ಹೆಚ್ಚು. ಕಷಾಯ ನೋವನ್ನು ತಡೆಯುತ್ತಿತ್ತು, ಸುಸ್ತನ್ನು ತಡೆಯುತ್ತಿರಲಿಲ್ಲ. ಬಂದ ಮೊದಲ ದಿನವೇ ಅವಳು ಹೂಂಗುಟ್ಟುವವಳಿಗೆ ಹೇಳಿದಳು:

"ನೋಡಮ್ಮ, ನಂಗೆ ಸಾಕಾಗಿದೆ. ಹೊರಡೋಕೆ ತಯಾರಾಗೇ ಬಂದಿದ್ದೀನಿ. ದೂರುಗಳು ಒಂದು ಹಂಡೆ ಇದಾವೆ. ದಿನಾ ಸಂಜೆ ಬಂದು ಕೂತ್ಕೋ, ಬೇಗ ಮುಗಿಸಿಬಿಡೋಣ."

"ಹೂಂ" ಎಂದಳು ಹೂಂಗುಟ್ಟುವವಳು.

ಇದನ್ನು ಬಡಿಸುವವನು ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಂಡು ಲೆಕ್ಕ ಹಾಕಿದ. ಒಂದು ಹಂಡೆ ಎಷ್ಟು ದಿನ ಬರುತ್ತದೆ? ಅವಳು ಮಾತಾಡುವ ವೇಗಕ್ಕೆ ಹದಿನೈದು ದಿನ ಹೆಚ್ಚು. ಅವನು ಅಲ್ಲೇ ನಿಂತು ಯೋಚಿಸಿದ. ದೂರು ತೀರಿದರೆ ಅವಳು ಹೋಗುತ್ತಾಳೆ. ತೀರದಿದ್ದರೆ ಹೋಗುವುದಿಲ್ಲ. ಹಾಗಾದರೆ ತೀರದಂತೆ ನೋಡಿಕೊಂಡರಾಯಿತು. ನಮ್ಮೂರಿನಲ್ಲಿ ಹುಟ್ಟಿದ ಯಾರಿಗೇ ಆದರೂ ಹೊಳೆಯುವ ಉಪಾಯವೇ ಇದು. ಅವನನ್ನು ಬೈಯುವ ಮುಖ ನಮಗಿಲ್ಲ.

ಮಾರನೆಯ ದಿನ ಅವನು ಮನೆಯಿಂದ ತರಕಾರಿ ಹೆಚ್ಚುವಾಗ ಕೂರುವ ಮರದ ಸ್ಟೂಲು ಹೊತ್ತು ತಂದ. ಅದನ್ನು ಅವಳ ಮಂಚದ ಪಕ್ಕ ಹಾಕಿಕೊಂಡು ಕೂತ. "ಇನ್ಮೇಲೆ ನಿನ್ನ ಊಟ ನಾನೇ ಮಾಡ್ತೀನಿ ಕಣೇ" ಎಂದ.

ಅಡುಗೆಯವಳು ಕಣ್ಣು ಕಿರಿದು ಮಾಡಿ ನೋಡಿದಳು. "ನೀವಾ? ನೀವು ನೀರು ಕಾಯಿಸಿದ್ರೂ ತಳ ಹಿಡಿಯುತ್ತೆ."

ತಳ ಹಿಡಿದೇ ಹಿಡಿಯಿತು. ಮೊದಲ ದಿನದ ಸಾರು ಕಪ್ಪಗಿತ್ತು. ಎರಡನೆಯ ದಿನದ ಸಾರಿನಲ್ಲಿ ಬೇಳೆ ಇರಲಿಲ್ಲ. ಮೂರನೆಯ ದಿನ ಬೇಳೆಯಿತ್ತು, ಬೆಂದಿರಲಿಲ್ಲ. ಅವಳು ಬೆರಳ ತುದಿಯಲ್ಲಿ ಮುಟ್ಟಿ ನಾಲಿಗೆಗೆ ತಾಗಿಸಿ, ಅರ್ಧ ಗಂಟೆ ಬೈಯುತ್ತಿದ್ದಳು. ಮೆಂತ್ಯ ಎಷ್ಟು ಕಾಳು ಹಾಕಿದ್ರಿ, ಯಾವಾಗ ಹಾಕಿದ್ರಿ, ಕೆಂಪಗಾಗೋಕೆ ಮುಂಚೆ ಇಳಿಸಬೇಕು ಅಂತ ಗೊತ್ತಾಗಲ್ವಾ, ಹುಣಸೆಹಣ್ಣು ಹಿಂಡಿದ ಮೇಲೆ ಹಸಿವಾಸನೆ ಹೋಗೋ ತನಕ ಕುದಿಸಬೇಕು ಅಂತ ನಿಮ್ಮಮ್ಮ ಹೇಳಿಕೊಡಲಿಲ್ವಾ. ಅವನು ಹೂಂ ಅನ್ನುತ್ತಿರಲಿಲ್ಲ. ಬಾಯಿಗೆ ಬಂದರೂ ನುಂಗಿಕೊಳ್ಳುತ್ತಿದ್ದ. "ಹಾಗೇನಿಲ್ಲ ಕಣೇ, ಇನ್ನೊಂಚೂರು ತಿಂದು ನೋಡು" ಎಂದು ಬೇಕೆಂತಲೇ ಹೇಳಿ, ಕೊಡ ಎತ್ತಿಕೊಂಡು ಬಾವಿಗೆ ಹೋಗುತ್ತಿದ್ದ.

ಸಂಜೆ ಹೂಂಗುಟ್ಟುವವಳು ಬಂದು ಕೂರುತ್ತಿದ್ದಳು. ಅಡುಗೆಯವಳು ಹಂಡೆಯಿಂದ ಹಳೆಯ ದೂರುಗಳನ್ನು ಒಂದೊಂದಾಗಿ ತೆಗೆದು ಹೇಳುತ್ತಿದ್ದಳು. ಮಂಚ ನಾಲ್ಕು ಬೆರಳು ಏಳುತ್ತಿತ್ತು. ಬೆಳಿಗ್ಗೆ ನೋಡಿದರೆ ನಾಲ್ಕು ಬೆರಳು ಇಳಿದಿರುತ್ತಿತ್ತು. ಹತ್ತು ದಿನವಾಯಿತು, ಇಪ್ಪತ್ತು ದಿನವಾಯಿತು. ಏಳುವುದು, ಇಳಿಯುವುದು, ಏಳುವುದು, ಇಳಿಯುವುದು. ಅಡುಗೆಯವಳು ತೆಳ್ಳಗಾಗುತ್ತ ಹೋದಳು, ಮಂಚ ಮಾತ್ರ ಇದ್ದಲ್ಲೇ ಇತ್ತು. ಬಡಿಸುವವನು ದಿನವೂ ಕದ್ದು ಮಂಚದ ಕಾಲು ನೋಡಿ, ಸಮಾಧಾನದಿಂದ ಸ್ಟೂಲಿನ ಮೇಲೆ ಕೂರುತ್ತಿದ್ದ.

ಅಷ್ಟರಲ್ಲಿ ಮಗಳು ಬಂದಳು. ಅವಳನ್ನು ಮೂರು ಊರಾಚೆ ಕೊಟ್ಟಿತ್ತು. ಅಲ್ಲಿ ಅವಳು ಬೇರೆಯವರ ಜಗಳಗಳಲ್ಲಿ ಅವರ ಪರವಾಗಿ ವಾದ ಮಾಡುವ ಕೆಲಸ ಮಾಡುತ್ತಿದ್ದಳು. ಎದುರಿನವರು ಉಸಿರೆಳೆದುಕೊಳ್ಳುವುದರೊಳಗೆ "ಆದರೆ" ಅನ್ನುವುದು ಅವಳ ವೃತ್ತಿ. ಹೂಂಗುಟ್ಟುವ ಮನೆಗೆ ಕಾಲಿಟ್ಟ ಮೊದಲ ದಿನ ಅವಳು ಹತ್ತೊಂಬತ್ತು ಕೊಡ ನೀರು ಸೇದಿದಳು.

"ಆದರೆ ಅಮ್ಮ, ಇನ್ನೊಬ್ಬ ಪಂಡಿತರಿಗೆ ತೋರಿಸಬಹುದಲ್ಲ?"

"ಬಾವಿ ಆ ಕಡೆ ಐತೆ" ಎಂದಳು ಹೂಂಗುಟ್ಟುವವಳು.

"ಆದರೆ ನಾನು ಕೇಳ್ತಿರೋದು ಅಷ್ಟೇ..."

"ಎರಡು ಕೊಡ."

ಸಂಜೆ ಅಂಗೈಯಲ್ಲಿ ಬೊಬ್ಬೆಗಳೆದ್ದವು. ಜಗಲಿಯ ಮೇಲೆ ಕೂತು ಮಗಳು ಅತ್ತಳು, ಬೊಬ್ಬೆಗೋ ಅಮ್ಮನಿಗೋ ಅವಳಿಗೇ ಗೊತ್ತಾಗಲಿಲ್ಲ. ಹೂಂಗುಟ್ಟುವವಳು ಪಕ್ಕದಲ್ಲಿ ಕೂತು ಅವಳ ಅಂಗೈಗೆ ಬೆಣ್ಣೆ ಸವರಿದಳು. "ಈಗ ಹೇಳಮ್ಮ, ನಿನ್ನ ದೂರೇನು? ಹೊರಗೆ ಕೂತಾಗ ಎಲ್ಲ ಮಾತೂ ಆಡಬೌದು." ಮಗಳು ಬಹಳ ಹೊತ್ತು ಹೇಳಿದಳು. ಹೂಂಗುಟ್ಟುವವಳು ಅಷ್ಟಕ್ಕೂ ಹೂಂ ಅಂದಳು. ಮಾರನೆಯ ದಿನ ಮಗಳು ಏಳೇ ಕೊಡ ಸೇದಿದ್ದು.

ಈ ನಡುವೆ ಬಡಿಸುವವನಿಗೆ ಯಾರೂ ಊಹಿಸದ ಒಂದು ಅಪಾಯ ಬಂದೊದಗಿತು. ಅವನಿಗೆ ಅಡುಗೆ ಬರತೊಡಗಿತು.

ದಿನಾ ಅರ್ಧ ಗಂಟೆ ಬೈಸಿಕೊಂಡವನಿಗೆ ಬಾರದೆ ಏನಾಗುತ್ತದೆ? ಅವನ ಕೈ ಅವನ ಮಾತು ಕೇಳುತ್ತಿರಲಿಲ್ಲ. ಉಪ್ಪು ಹೆಚ್ಚು ಹಾಕೋಣವೆಂದು ಹಿಡಿ ತುಂಬಿಕೊಂಡರೆ ಬೆರಳುಗಳು ತಾವಾಗಿಯೇ ಸಡಿಲಬಿಟ್ಟು ಸರಿಯಾದಷ್ಟೇ ಹಾಕುತ್ತಿದ್ದವು. ಒಗ್ಗರಣೆ ಸೀಯಲಿ ಎಂದು ಬೆನ್ನು ತಿರುಗಿಸಿ ನಿಂತರೆ, ಸಾಸಿವೆ ಸಿಡಿದ ಸದ್ದಿಗೆ ಕಾಲು ಒಲೆಯತ್ತ ಓಡುತ್ತಿತ್ತು. ಸಾರನ್ನು ಕೆಡಿಸುವುದಕ್ಕೆ ಅವನು ಮುಂಚೆಗಿಂತ ಹೆಚ್ಚು ಬೆವರು ಸುರಿಸಬೇಕಾಯಿತು. ಮಜ್ಜಿಗೆಹುಳಿಗೆ ಬೆಲ್ಲ ಹಾಕಿದ. ಪಾಯಸಕ್ಕೆ ಇಂಗು ಹಾಕಿ ಅತ್ತುಬಿಟ್ಟ.

ನಲವತ್ತನೆಯ ದಿನ ಅವನು ಎಷ್ಟೇ ಎಚ್ಚರ ವಹಿಸಿದರೂ ಸಾರು ಚೆನ್ನಾಗಿ ಆಗಿಹೋಯಿತು. ಕೆಡಿಸುವುದಕ್ಕೆ ಉಪ್ಪಿನ ಡಬ್ಬಿ ಹುಡುಕುತ್ತಿದ್ದಾಗ ಮಗಳು ಬಂದು ಪಾತ್ರೆ ಎತ್ತಿಕೊಂಡು ಹೋದಳು. ಅವನು ಹಿಂದೆಯೇ ಓಡಿದ. ಅಷ್ಟರಲ್ಲಿ ಮಗಳು ಒಂದು ಚಮಚ ತಾನು ಕುಡಿದು, ಒಂದು ಚಮಚ ಅಮ್ಮನ ತುಟಿಗೆ ಹಿಡಿದಿದ್ದಳು.

"ಅಪ್ಪ" ಎಂದಳು ಮಗಳು. ಅವಳ ಕಣ್ಣು ತುಂಬಿತ್ತು. "ಇದು ಅಮ್ಮನ ಸಾರೇ."

ಅಡುಗೆಯವಳು ನಾಲಿಗೆ ಚಪ್ಪರಿಸಿದಳು. ಬಡಿಸುವವನು ಮಂಚದ ಕಾಲು ನೋಡಿದ, ಅವಳ ಮುಖ ನೋಡಿದ. ದೂರು ಬರಲಿಲ್ಲ. ಅವನು ಗಾಬರಿಬಿದ್ದು ಒಳಗೆ ಓಡಿಹೋಗಿ, ಒಂದು ಹಿಡಿ ಉಪ್ಪು ತಂದು ಎಲ್ಲರ ಎದುರಿಗೇ ಪಾತ್ರೆಗೆ ಸುರಿದು, ಸೌಟಿನಿಂದ ಗರಗರ ತಿರುಗಿಸಿ, "ಈಗ ನೋಡು, ಈಗ ನೋಡು" ಎಂದು ಚಮಚ ಮುಂದೆ ಹಿಡಿದ.

ಹೂಂಗುಟ್ಟುವವಳು ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಳು. "ಓಹೋ, ಹಿಂಗಾ ಸಮಾಚಾರ. ನಲವತ್ತು ದಿನದಿಂದ ನಾನು ಮಂಚ ಎಬ್ಬಿಸೋದು, ನೀವು ಇಳ್ಸೋದು! ಯಜಮಾನ್ರೆ, ಆ ತಾಯಿ ಮೈ ನೋಡಿ. ಸೊಳ್ಳೆ ಕೂತ್ರೂ ನೋಯ್ತೈತೆ ಅಂತಾರೆ. ಸಾಕಾಗೈತೆ ಅಂತ ಬಾಯಿಬಿಟ್ಟು ಹೇಳವ್ರೆ. ನಿಮ್ಗೆ ಕನಿಕರ ಬೇಡ್ವಾ?"

ಬಡಿಸುವವನು ತಲೆ ತಗ್ಗಿಸಿದ. "ಇವಳು ಹೋದ್ರೆ ನಾನು ಯಾರಿಗೆ ಬಡಿಸ್ಲಿ ತಾಯಿ?" ಎಂದ.

ಆಗ ಅಡುಗೆಯವಳು ನಕ್ಕಳು. ನಕ್ಕರೆ ಹೊಟ್ಟೆ ನೋಯುತ್ತಿತ್ತು, ಆದರೂ ತಡೆಯಲಾರದೆ ನಕ್ಕಳು. "ಅವರನ್ನ ಬೈಬೇಡಮ್ಮ. ಬೇಕಂತ ಕೆಡಿಸ್ತಾರೆ ಅಂತ ನಂಗೆ ಗೊತ್ತಿತ್ತು. ಕೈತಪ್ಪಿ ಅಷ್ಟು ಉಪ್ಪು ಬೀಳಲ್ಲ, ನಲವತ್ತು ವರ್ಷ ಸೌಟು ಹಿಡಿದವಳಿಗೆ ಅಷ್ಟು ಗೊತ್ತಾಗಲ್ವಾ? ನಾನು ಹೋದಮೇಲೆ ಇವರು ಅವಲಕ್ಕಿ ನೆನೆಸಿಕೊಂಡು ತಿನ್ನೋ ಹಾಗಾಗಬಾರದು ಅಂತ ಬೈತಾ ಇದ್ದೆ. ಕಲಿತರಲ್ಲ, ಮುಗೀತು. ಸಾರಿನ ಮೇಲೆ ನಂಗೆ ಯಾವ ದೂರೂ ಇಲ್ಲ, ಯಾವತ್ತೂ ಇರಲಿಲ್ಲ."

"ಮತ್ತೆ ಮಂಚ ಇಳೀತಿತ್ತಲ್ಲ?" ಎಂದಳು ಹೂಂಗುಟ್ಟುವವಳು. ಇಪ್ಪತ್ತು ವರ್ಷದಲ್ಲಿ ಮಲಗಿದವರೊಬ್ಬರನ್ನು ಅವಳು ಪ್ರಶ್ನೆ ಕೇಳಿದ್ದು ಅದೇ ಮೊದಲು.

"ನೀವೆಲ್ಲ ನನ್ನ ಮಂಚ ನೋಡ್ತೀರಿ" ಎಂದಳು ಅಡುಗೆಯವಳು. "ಅವರ ಸ್ಟೂಲು ನೋಡಿ."

ಎಲ್ಲರೂ ನೋಡಿದರು. ಸ್ಟೂಲಿಗೆ ಕಾಲೇ ಇರಲಿಲ್ಲ. ಮೂರು ಕಾಲೂ ಪೂರ್ತಿ ನೆಲದೊಳಗಿದ್ದವು. ಹಲಗೆ ಮಾತ್ರ ಮಣ್ಣಿಗೆ ಅಂಟಿಕೊಂಡಿತ್ತು. ಬಡಿಸುವವನು ಇಷ್ಟು ದಿನವೂ ನೆಲದ ಮೇಲೇ ಕೂರುತ್ತಿದ್ದ, ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಎತ್ತರದ ಮನುಷ್ಯನಾದ್ದರಿಂದ ಯಾರಿಗೂ ಹೊಳೆದಿರಲಿಲ್ಲ.

"ಅದು... ಮೊದಲಿಂದಲೂ ಕುಳ್ಳ ಸ್ಟೂಲೇ" ಎಂದ ಬಡಿಸುವವನು.

"ನೋಡಿದ್ರಾ?" ಎಂದಳು ಅಡುಗೆಯವಳು. "ನನ್ನ ಕಡೆಯ ದೂರು ಇದೇ. ರೀ, ಕೇಳಿಸ್ಕೊಳ್ಳಿ. ನಲವತ್ತು ವರ್ಷದಲ್ಲಿ ನೀವು ನನ್ನ ಹತ್ರ ಒಂದೇ ಒಂದು ದೂರು ಹೇಳಿಲ್ಲ. ನಾನು ಬೈದೆ, ಕೂಗಾಡಿದೆ, ಸೌಟು ಎಸೆದೆ. ನೀವು ಪರವಾಗಿಲ್ಲ, ಪರವಾಗಿಲ್ಲ. ಗೋಡೆ ಜೊತೆ ಸಂಸಾರ ಮಾಡಿದ ಹಾಗಾಯ್ತು ನಂಗೆ. ಒಳಗೆ ಎಷ್ಟು ತುಂಬಿಕೊಂಡಿದ್ದೀರೋ ಅಂತ ಯೋಚಿಸಿ ಯೋಚಿಸಿ ನನ್ನ ಮಂಚ ಇಳೀತಾ ಇರೋದು. ನಾನು ಹೋದಮೇಲೆ ನೀವು ಆ ಸ್ಟೂಲಿನ ಸಮೇತ ಪಾತಾಳಕ್ಕೆ ಹೋಗ್ತೀರಿ. ಎತ್ತೋಕೆ ಯಾರಿದಾರೆ?"

"ಹಾಗೇನಿಲ್ಲ ಕಣೇ" ಎಂದ ಬಡಿಸುವವನು.

ಹೂಂಗುಟ್ಟುವವಳು ಬಾವಿಯ ಕಡೆ ಕೈ ತೋರಿಸಿದಳು.

ಅವನು ಹೋಗಿ ಒಂದು ಕೊಡ ಸೇದಿ ತೊಟ್ಟಿಗೆ ಹಾಕಿ ಬಂದ. ಎಲ್ಲರೂ ಇದ್ದಲ್ಲೇ ಇದ್ದರು. ಮೂರು ಹೆಂಗಸರೂ ಅವನ ಬಾಯನ್ನೇ ನೋಡುತ್ತಿದ್ದರು.

"ಆದರೆ ನೀನು..." ಎಂದ. ಮತ್ತೆ ಹೋದ. ಮತ್ತೆ ಬಂದ. ಅಂಗಿ ತೋಳು ಒದ್ದೆಯಾಗಿತ್ತು. ಈ ಸಲ ಬಾಗಿಲಲ್ಲೇ ನಿಂತು, ಕೊಡ ಕೆಳಗಿಟ್ಟು, "ಹೂಂ" ಎಂದ.

ಮಂಚ ಕಿರ್ರೆಂದು ಅರ್ಧ ಮೇಲೆ ಬಂದು ನಿಂತಿತು.

"ಬರೀ ಹೂಂ ಸಾಲದು" ಎಂದಳು ಅಡುಗೆಯವಳು. "ಒಂದು ದೂರು ಹೇಳಿ. ನನ್ನ ಮೇಲೆ."

ಬಡಿಸುವವನು ಬಂದು ನೆಲಕ್ಕೆ ಅಂಟಿದ ಹಲಗೆಯ ಮೇಲೆ ಕೂತ. ಮೊಣಕಾಲನ್ನು ಅಪ್ಪಿಕೊಂಡ. ಅತ್ತಿತ್ತ ನೋಡಿದ. ಪರೀಕ್ಷೆಗೆ ಓದದೆ ಬಂದವನ ಮುಖವಾಗಿತ್ತು ಅವನದು. ಕಡೆಗೆ ನೆಲ ನೋಡುತ್ತ ಹೇಳಿದ:

"ನಾನು ಯಾವತ್ತೂ ಬಿಸಿ ಊಟ ಮಾಡಿಲ್ಲ."

"ಹೂಂ?" ಎಂದಳು ಅಡುಗೆಯವಳು.

"ಎಲ್ಲರಿಗೂ ಬಡಿಸಿ, ಕಡೇ ಪಂಕ್ತಿ ಎಬ್ಬಿಸಿ, ಎಲೆ ತೆಗೆಸಿ ಬರೋ ಹೊತ್ತಿಗೆ ಎಲ್ಲ ತಣ್ಣಗಾಗಿರ್ತಿತ್ತು. ನಿನ್ನ ಸಾರು ಬಿಸಿಯಾಗಿದ್ದಾಗ ಹೇಗಿರುತ್ತೆ ಅಂತ ಊರಿಗೆಲ್ಲ ಗೊತ್ತು. ನಂಗೆ ಗೊತ್ತಿಲ್ಲ. ಒಂದು ಬಟ್ಟಲು ಬಿಸಿದು ಎತ್ತಿಡಬಾರದಾಗಿತ್ತಾ?"

ಅಡುಗೆಯವಳ ಮುಖ ಒಂದು ಗಳಿಗೆ ಬಾಡಿತು. "ಹೂಂ" ಎಂದಳು. ಅದು ನಿಜವಾದ ಹೂಂ.

ಸ್ಟೂಲು ಪಟಕ್ಕೆಂದು ಒಂದು ಗೇಣು ಮೇಲೆ ಎದ್ದಿತು. ಬಡಿಸುವವನು ಹೌಹಾರಿ ಮಂಚದ ಪಟ್ಟಿ ಹಿಡಿದುಕೊಂಡ. ಅಷ್ಟೇ ಬೇಕಾಗಿತ್ತು. ಒಳಗಿದ್ದದ್ದೆಲ್ಲ ಹೊರಗೆ ಬರತೊಡಗಿತು. ಅವಳ ಗೊರಕೆ ಸೌದೆ ಸೀಳಿದ ಹಾಗಿರುತ್ತದೆ. ಅವಳು ಅವನ ಎಲೆಯಡಿಕೆ ಡಬ್ಬಿಯನ್ನು ಹನ್ನೆರಡು ಸಲ ಬಚ್ಚಿಟ್ಟಿದ್ದಾಳೆ, ಹನ್ನೆರಡು ಸಲವೂ ಅಕ್ಕಿ ಮೂಟೆಯಲ್ಲೇ. ಯಾರಾದರೂ ಊಟ ಚೆನ್ನಾಗಿತ್ತು ಎಂದರೆ "ನನ್ನ ಅಡುಗೆ" ಎನ್ನುತ್ತಾಳೆ, ಸಾಲದಾಯಿತು ಎಂದರೆ "ಇವರು ಬಡಿಸಿದ್ದು" ಎನ್ನುತ್ತಾಳೆ. ಪಾದದ ಮೇಲೆ ಹುಳಿ ಚೆಲ್ಲಿದ್ದು ಇವಳೇ, ಅದು ಪರವಾಗಿರಲಿಲ್ಲ, ಪ್ರಾಣ ಹೋಗುವಂತೆ ಉರಿದಿತ್ತು, ಮೂರು ವಾರ ಕುಂಟಿದ್ದ, ಅವಳು ಒಂದು ದಿನವೂ ಕೇಳಲಿಲ್ಲ.

"ಹೂಂ" ಎಂದಳು ಅಡುಗೆಯವಳು. "ಹೂಂ. ಗೊರಕೆ ಸುಳ್ಳು. ಆಯ್ತು, ಹೂಂ."

ಸ್ಟೂಲು ಏಳುತ್ತಿತ್ತು. ಮಂಚವೂ ಏಳುತ್ತಿತ್ತು. ಬಡಿಸುವವನು ಕೈ ಬೀಸುತ್ತ, ಬೆರಳು ತೋರಿಸುತ್ತ, ಜೋರುದನಿಯಲ್ಲಿ ಮಾತಾಡುತ್ತಿದ್ದ. ಅವನಿಗೆ ಅಷ್ಟು ದೊಡ್ಡ ದನಿಯಿದೆ ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ, ಊರಿನ ಅಗಸೆಬಾಗಿಲ ತನಕ ಕೇಳಿಸಿತು. ಜನ ಬಂದು ಕಾಂಪೌಂಡಿನ ಹೊರಗೆ ನಿಂತರು, ನಾನೂ ನಿಂತೆ. ಹೂಂಗುಟ್ಟುವವಳು ನಮ್ಮನ್ನು ಓಡಿಸಲು ಬಂದವಳು ಓಡಿಸುವುದನ್ನು ಮರೆತು ಬಾಗಿಲ ಚೌಕಟ್ಟಿಗೆ ಒರಗಿಕೊಂಡಳು. ಮಗಳು ಅಮ್ಮನ ಕಾಲ ಬಳಿ ಕೂತು ಒಮ್ಮೆ ನಗುತ್ತಿದ್ದಳು, ಒಮ್ಮೆ ಕಣ್ಣೊರೆಸಿಕೊಳ್ಳುತ್ತಿದ್ದಳು. ನಡುನಡುವೆ ಅವಳ ಬಾಯಿಗೆ "ಆದರೆ" ಬರುತ್ತಿತ್ತು, ತುಟಿ ಕಚ್ಚಿ ನಿಲ್ಲಿಸಿಕೊಳ್ಳುತ್ತಿದ್ದಳು.

ಸಣ್ಣ ದೂರುಗಳು ಮುಗಿದವು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಇಳಿದು ಹೊದಿಕೆಯ ಮೇಲೆ ಬಿದ್ದಿತ್ತು. ಬಡಿಸುವವನ ದನಿ ತಗ್ಗಿತು. ಅವನು ಹೆಂಡತಿಯ ಕೈ ತೆಗೆದು ತನ್ನ ಕೈಯಲ್ಲಿ ಇಟ್ಟುಕೊಂಡ. ಆ ಕೈಯಲ್ಲಿ ಈಗ ಏನೂ ಉಳಿದಿರಲಿಲ್ಲ, ಎಲುಬು ಮತ್ತು ಒಲೆ ಸುಟ್ಟ ಹಳೆಯ ಗುರುತುಗಳು ಮಾತ್ರ.

"ಇನ್ನೊಂದಿದೆ" ಎಂದ.

"ಹೂಂ."

"ನನಗಿಂತ ಮುಂಚೆ ಹೊರಟಿದ್ದೀಯ. ಒಂದು ಮಾತು ನನ್ನನ್ನ ಕೇಳಲಿಲ್ಲ. ಇದು ನಂಗೆ ಚೂರೂ ಸರಿಬರಲಿಲ್ಲ ಕಣೇ. ಪರವಾಗಿಲ್ಲ ಅಂತ ಇದಕ್ಕೆ ನಾನು ಹೇಳೋದೇ ಇಲ್ಲ."

ಅಡುಗೆಯವಳು ಅವನನ್ನೇ ನೋಡಿದಳು. ಅವಳ ಮುಖದಲ್ಲಿ ಇಷ್ಟು ದಿನ ಕಾಣದ ಒಂದು ನೆಮ್ಮದಿಯಿತ್ತು. "ಹೂಂ" ಎಂದಳು, ಬಹಳ ಮೆಲ್ಲಗೆ, ಬಹಳ ಉದ್ದವಾಗಿ.

ಬಡಿಸುವವನು ಕಣ್ಣು ಮುಚ್ಚಿಕೊಂಡು ಮುಂದುವರಿಸಿದ. ಈಗ ನಿಲ್ಲಿಸುವುದು ಅವನಿಂದ ಆಗುತ್ತಿರಲಿಲ್ಲ. ನಾಳೆ ಬೆಳಿಗ್ಗೆ ಎದ್ದು ಯಾರ ಮಾತು ಕೇಳಲಿ ಎಂದ. ಒಬ್ಬನಿಗೆ ಸಾರು ಮಾಡಿದರೆ ನೀರು ಎಷ್ಟಿಡಬೇಕು ಎಂದು ನೀನು ಹೇಳಿಕೊಡಲೇ ಇಲ್ಲ, ಹೇಳಿಕೊಟ್ಟದ್ದೆಲ್ಲ ಇಬ್ಬರಿಗೆ ಮಾಡುವ ಲೆಕ್ಕ ಎಂದ. ಹೇಳಿ, ಹೂಂಗಾಗಿ ಕಾದ.

ಹೂಂ ಬರಲಿಲ್ಲ.

ಅವನು ಕಣ್ಣು ಬಿಡಲಿಲ್ಲ. ಮಂಚ ಈಗಷ್ಟೇ ತಂದಿಟ್ಟಂತೆ ನಾಲ್ಕು ಕಾಲನ್ನೂ ನೆಲದ ಮೇಲೆ ಊರಿ ನಿಂತಿತ್ತು. ಕೈಯೊಳಗಿನ ಕೈ ಇನ್ನೂ ಬೆಚ್ಚಗಿತ್ತು. ಹೂಂಗುಟ್ಟುವವಳು ಮುಂದೆ ಬರಲು ಹೆಜ್ಜೆ ಎತ್ತಿದಳು. ಸ್ಟೂಲು ಅಲುಗಿತು, ಅದರ ಒಂದು ಕಾಲು ಮೆಲ್ಲಗೆ ಮಣ್ಣಿನೊಳಕ್ಕೆ ಇಳಿಯತೊಡಗಿತು.

ಅಷ್ಟರಲ್ಲಿ ಮಗಳು ಎದ್ದು ಬಂದು ಅಪ್ಪನ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಅವನ ಮೊಣಕಾಲ ಮೇಲೆ ಬೊಬ್ಬೆಯೆದ್ದ ಅಂಗೈ ಇಟ್ಟಳು.

"ಹೂಂ ಅಪ್ಪ" ಎಂದಳು. "ಆಮೇಲೆ?"